ತಡೆದುಕೊಳ್ಳುವ ವಿದ್ಯೆ

ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ ಹೆಬ್ಬೆರಳು ಕೂರಿಸುವುದು. ಅಂಗೈ ಭಾಗವನ್ನು ಒಬ್ಬಳು ಕತ್ತರಿಸಿ ಕೊಡುತ್ತಾಳೆ, ನಾಲ್ಕು ಬೆರಳನ್ನು ಇನ್ನೊಬ್ಬಳು ಹೊಲಿಯುತ್ತಾಳೆ, ಹೆಬ್ಬೆರಳಿನ ತುಂಡು ಮಾತ್ರ ಬೇರೆಯೇ ಬರುತ್ತದೆ. ಅದನ್ನು ತೂತಿಗೆ ಹೊಂದಿಸಿ, ಸುತ್ತ ತಿರುಗಿಸುತ್ತ, ಸುಕ್ಕಿಲ್ಲದೆ ಹೊಲಿಯಬೇಕು. ಚಕ್ಕಳ ದಪ್ಪ, ಸೂಜಿ ಹಟಮಾರಿ. ಕೂದಲೆಳೆಯಷ್ಟು ಆಚೀಚೆಯಾದರೂ ತೊಟ್ಟವನ ಹೆಬ್ಬೆರಳು ಆಕಾಶ ನೋಡುತ್ತದೆ. ಹತ್ತೊಂಬತ್ತು ವರ್ಷ ಅದೊಂದನ್ನೇ ಮಾಡಿದ್ದರಿಂದ ಅವಳ ಸ್ವಂತ ಹೆಸರು ಎಲ್ಲರ ಬಾಯಿಂದ ಉದುರಿಹೋಗಿ, ಹೆಬ್ಬೆರಳಕ್ಕ ಅನ್ನುವುದಷ್ಟೇ ಉಳಿದುಕೊಂಡಿತ್ತು.

ಇನ್ನೊಂದು ಕೀರ್ತಿಯೂ ಅವಳಿಗಿತ್ತು. ಆ ಹಾಲ್‌ನಲ್ಲಿ ನಲವತ್ತು ಮೆಷಿನ್, ನಲವತ್ತು ಹೆಂಗಸರು, ಶೌಚಕ್ಕೆ ಹೋಗಲು ಒಂದೇ ಒಂದು ಹಿತ್ತಾಳೆ ಬಿಲ್ಲೆ. ಸೂಪರ್‌ವೈಸರ್ ಮೇಜಿನ ಪಕ್ಕ ಮೊಳೆಗೆ ಅದು ನೇತಾಡುತ್ತಿರುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಹಾಕಬೇಕು. ಹೋದವಳ ಹೆಸರೂ ಎಷ್ಟು ನಿಮಿಷವಾಯಿತೆಂಬುದೂ ಕಪ್ಪು ಹಲಗೆಯ ಮೇಲೆ ಏರುತ್ತವೆ. ಹತ್ತೊಂಬತ್ತು ವರ್ಷದಲ್ಲಿ ಊಟದ ಗಂಟೆಗೆ ಮುಂಚೆ ಹೆಬ್ಬೆರಳಕ್ಕನ ಹೆಸರು ಆ ಹಲಗೆಯ ಮೇಲೆ ಒಮ್ಮೆಯೂ ಏರಿರಲಿಲ್ಲ. ಗುಟ್ಟು ದೊಡ್ಡದೇನಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯಳೊಬ್ಬಳು ಕಿವಿಯಲ್ಲಿ ಹೇಳಿಕೊಟ್ಟಿದ್ದಳು: "ಬೆಳಗ್ಗೆ ನೀರು ಮುಟ್ಟಬೇಡ ಕಣೇ. ಒಳಗೆ ಹೋಗದೇ ಇದ್ದದ್ದು ಹೊರಗೆ ಬರೋದಾದ್ರೂ ಎಲ್ಲಿಂದ?" ಅಂದಿನಿಂದ ಅವಳು ನೀರು ಕುಡಿಯುವುದು ಊಟದ ಹೊತ್ತಿಗೆ ಅರ್ಧ ಲೋಟ, ಸಾಯಂಕಾಲ ಮನೆಗೆ ಬಂದ ಮೇಲೆ ಹೊಟ್ಟೆ ತುಂಬ. ಮೊದಮೊದಲು ತಲೆ ಸುತ್ತುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಇನ್ನೂ ಆಮೇಲೆ ಅದೇ ಹೆಮ್ಮೆಯಾಯಿತು.

ನಾಯಿಮರಿ ಸಿಕ್ಕಿದ್ದೂ ಅಲ್ಲೇ. ಕಾರ್ಖಾನೆಯ ಹಿಂದೆ ಚಕ್ಕಳದ ಚೂರುಗಳ ರಾಶಿಯಲ್ಲಿ ಬೀದಿನಾಯಿಯೊಂದು ಐದು ಮರಿ ಹಾಕಿತ್ತು. ತಾಯಿ ಲಾರಿಗೆ ಸಿಕ್ಕಿತು. ನಾಲ್ಕು ಮರಿಗಳನ್ನು ಅವರಿವರು ಎತ್ತಿಕೊಂಡು ಹೋದರು. ಉಳಿದ ಒಂದನ್ನು ಗೇಟು ಕಾಯುವವನು ಸಂಜೆ ಐದಕ್ಕೆ, ಹೊರಗೆ ಹೊರಟ ಹೆಬ್ಬೆರಳಕ್ಕನ ಮುಂದೆ ಹಿಡಿದ.

"ಅಕ್ಕಾ, ಇದೊಂದು ಉಳಿದಿದೆ. ನಾಳೆ ಕಸದ ಲಾರಿ ಬರುತ್ತೆ, ರಾಶಿ ಜೊತೆ ಇದೂ ಹೋಗುತ್ತೆ ನೋಡು."

"ನನಗ್ಯಾಕಣ್ಣ ನಾಯಿ? ನನ್ನ ಪಾಡೇ ನಾಯಿಪಾಡು."

"ಹಾಗಾದ್ರೆ ಜೋಡಿ ಸರಿಹೋಯ್ತಲ್ಲ!"

ನಗುತ್ತ ನಗುತ್ತ ಅವನು ಮರಿಯನ್ನು ಅವಳ ಚೀಲಕ್ಕೆ ಬಿಟ್ಟುಬಿಟ್ಟ. ಕಂದು ಮೈ, ಒಂದು ಕಾಲು ಮಾತ್ರ ಬಿಳಿ. ಮೈಯೆಲ್ಲ ಚಕ್ಕಳದ ವಾಸನೆ. ಅವಳು ಅದಕ್ಕೆ ಚಿಂದಿ ಎಂದು ಹೆಸರಿಟ್ಟಳು.

ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಆರು ವರ್ಷ ಅವಳು ಬೀಗ ತೆಗೆದು ಒಳಗೆ ಕಾಲಿಟ್ಟರೆ, ಬೆಳಗ್ಗೆ ಇಟ್ಟ ಚಮಚ ಇಟ್ಟ ಕಡೆಯೇ ಇರುತ್ತಿತ್ತು. ಚಿಂದಿ ಬಂದ ಎರಡನೇ ದಿನ ಬಾಗಿಲು ತೆಗೆದರೆ ಚಪ್ಪಲಿ ಮಂಚದ ಮೇಲೆ, ಪೊರಕೆ ಬಚ್ಚಲಲ್ಲಿ, ದಿಂಬಿನ ಹತ್ತಿ ಮನೆ ತುಂಬ. ನಡುವೆ ಒಂದು ಪ್ರಾಣಿ ಬಾಲದ ಜೊತೆ ಇಡೀ ಮೈಯನ್ನೇ ಆಡಿಸುತ್ತ ನಿಂತಿತ್ತು. ಬಯ್ಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಕೂತು ಅತ್ತಳು. ಮರಿ ಅವಳ ಕೈ ನೆಕ್ಕಿತು.

ಆದರೆ ಅವಳ ಕೋಣೆ ಇದ್ದದ್ದು ಮಹಡಿಯ ಮೇಲೆ, ನೆಲ ಹಳೆಯ ಹಲಗೆಯದು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಕೆಳಗೆ ಮನೆಯ ಒಡತಿ ಮಲಗುವ ಕೋಣೆ. ಚಿಂದಿ ಬಂದ ನಾಲ್ಕನೇ ದಿನ ಒಡತಿ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು. ಮಂಡಿನೋವಿನ ಹೆಂಗಸು, ಮೆಟ್ಟಿಲು ಹತ್ತುವವಳಲ್ಲ.

"ಏ ಇಳಿದು ಬಾರೇ ಇಲ್ಲಿ! ಬಂದು ನನ್ನ ಸೂರು ನೋಡು!"

ಮಂಚದ ನೇರಕ್ಕೆ ಸೂರಿನ ಮೇಲೆ ತಟ್ಟೆಯಗಲದ ಹಳದಿ ಕಲೆ.

"ಆರು ಮಕ್ಕಳನ್ನ ಹೆತ್ತು ಸಾಕಿದೀನಿ. ಯಾವ ಮಗುವೂ ನನ್ನ ನೆತ್ತಿ ಮೇಲೆ ಉಚ್ಚೆ ಹೊಯ್ದಿರಲಿಲ್ಲ."

"ಮರಿ ಅಮ್ಮಾ ಅದು, ಕಲಿಸ್ತೀನಿ."

"ಕಲಿಸು, ಬೇಡ ಅಂದೋರು ಯಾರು? ಈ ತಿಂಗಳು ಮುಗಿಯೋವರೆಗೆ ನೋಡ್ತೀನಿ. ಆಮೇಲೆ ಒಂದೇ ಒಂದು ಹನಿ ಇಳಿದ್ರೂ ನಾಯಿ ಹೊರಗೆ. ನಾಯಿ ಬಿಟ್ಟಿರೋಕಾಗಲ್ಲ ಅಂದ್ರೆ ನೀನೂ ಹೊರಗೆ."

ಅಂದಿನಿಂದ ಹೆಬ್ಬೆರಳಕ್ಕನ ಪರೀಕ್ಷೆ ಶುರುವಾಯಿತು. ಬೆಳಗ್ಗೆ ಐದಕ್ಕೆ ಎದ್ದು ಮರಿಯನ್ನು ಓಣಿಯ ಕೊನೆಯ ಖಾಲಿ ಜಾಗಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ಅದು ಹುಲ್ಲು ಮೂಸುವುದು, ಕಾಗೆ ನೋಡುವುದು, ತನ್ನ ಬಾಲ ತಾನೇ ಹಿಡಿಯಲು ಗಿರಗಿರ ತಿರುಗುವುದು, ಎಲ್ಲವನ್ನೂ ಮಾಡುತ್ತಿತ್ತು. ಮಾಡಬೇಕಾದ್ದೊಂದನ್ನು ಬಿಟ್ಟು. "ಹೊಯ್ಯೋ ನನ್ನಪ್ಪಾ, ಹೊಯ್ಯೋ," ಎಂದು ಅಂಗಲಾಚುತ್ತಿದ್ದಳು. ಹಾಲು ಹಾಕುವವನು ಸೈಕಲ್ ನಿಧಾನ ಮಾಡಿ, "ಅದಕ್ಕೂ ನಾಚಿಕೆ ಇರುತ್ತಕ್ಕ, ನೀನು ಆ ಕಡೆ ತಿರುಗು," ಎಂದು ಹಾಸ್ಯ ಮಾಡಿ ಹೋಗುತ್ತಿದ್ದ. ಅರ್ಧ ಗಂಟೆ ಕಾದು, ಹೊತ್ತಾಯಿತೆಂದು ವಾಪಸ್ಸು ಬಂದು ಬಾಗಿಲು ತೆಗೆದರೆ, ಹೊಸ್ತಿಲು ದಾಟಿದ್ದೇ ತಡ, ಹಲಗೆಯ ಮೇಲೆ ಸೊರ್ರನೆ.

ಹಳೆ ಪೇಪರ್ ಹಾಸಿದಳು. ಚಿಂದಿ ಅದನ್ನು ಓದಿದಂತೆ ನೋಡಿ ಪಕ್ಕದಲ್ಲಿ ಹೊಯ್ಯಿತು. ಪ್ಲಾಸ್ಟಿಕ್ ಹಾಳೆ ತಂದು ಗೋಡೆಯಿಂದ ಗೋಡೆಗೆ ಹಾಸಿದಳು. ಸಾಯಂಕಾಲದ ಹೊತ್ತಿಗೆ ಅದು ಬೆರಳಗಲದ ಪಟ್ಟಿಗಳಾಗಿತ್ತು. ತಂಗಿಗೆ ಫೋನ್ ಮಾಡಿದರೆ, "ಉಂಡ ಮೇಲೆ, ಎದ್ದ ಮೇಲೆ, ಆಡಿದ ಮೇಲೆ ಹೊರಗೆ ಬಿಡಬೇಕು ಅಕ್ಕಾ. ಎರಡೆರಡು ಗಂಟೆಗೊಂದು ಸಲ," ಅಂದಳು. ತಂಗಿ ಮನೆಯಲ್ಲೇ ಇರುವವಳು. ಅವಳಿಗೆ ಎರಡು ಗಂಟೆ ಅಂದರೆ ಎರಡು ಗಂಟೆ. ಹೆಬ್ಬೆರಳಕ್ಕನಿಗೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದೇ ಗಂಟೆ. ಒಳಗೆ ಹೋದ ಮೇಲೆ ಗೇಟು ತೆರೆಯುವುದಿಲ್ಲ, ಅರ್ಧ ಗಂಟೆಯ ಊಟವೂ ಒಳಗೇ. ಹೆಬ್ಬೆರಳು ಕೂರಿಸುತ್ತ ಕೂತವಳಿಗೆ ಮನಸ್ಸೆಲ್ಲ ಆ ಹಲಗೆಯ ಸಂದಿನಲ್ಲಿ. ಈಗ ಎದ್ದಿರುತ್ತೆ, ಈಗ ಹೊಯ್ದಿರುತ್ತೆ, ಈಗ ಇಳಿದಿರುತ್ತೆ, ಈಗ ಆಯಮ್ಮ ನೋಡಿರುತ್ತಾಳೆ.

ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಸೂರಿನ ಮೇಲೆ ಮೂರು ಕಲೆಗಳಾಗಿದ್ದವು. ಅಂದು ಬೆಳಗ್ಗೆ ಡಬ್ಬಿ ಕಟ್ಟುತ್ತಿದ್ದವಳು ಚಿಂದಿ ಬಟ್ಟಲಿನಿಂದ ಲೊಚಲೊಚ ನೀರು ಕುಡಿಯುವುದನ್ನು ನೋಡುತ್ತ ನಿಂತಳು. ನೋಡಿ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು. ಅಯ್ಯೋ ಮಂಕೇ, ಹತ್ತೊಂಬತ್ತು ವರ್ಷದಿಂದ ನೀನು ಮಾಡುತ್ತಿರುವುದೇನು? ಊರವರನ್ನೆಲ್ಲ ಕೇಳಿದೆ, ನಿನಗೇ ಗೊತ್ತಿದ್ದ ವಿದ್ಯೆಯನ್ನು ಮರೆತೆ!

ಬಗ್ಗಿ ಬಟ್ಟಲು ಎತ್ತಿದಳು. "ಸಾಕು ಚಿಂದಿ. ಇನ್ನು ಸಾಯಂಕಾಲ."

ಮರಿ ಬಟ್ಟಲಿನ ಹಿಂದೆಯೇ ಕುಣಿಯುತ್ತ ಬಂತು. "ಬೇಡ," ಎಂದು ಬೆರಳು ತೋರಿಸಿದಳು. ಬಟ್ಟಲನ್ನು ಕಪಾಟಿನ ಮೇಲಿಟ್ಟು, ಬಚ್ಚಲ ಬಾಗಿಲಿಗೆ ಚಿಲಕ ಹಾಕಿ ಹೊರಟಳು.

ಮೊದಲ ದಿನ ಒಂದೇ ಕಡೆ ಒದ್ದೆ. ಮೂರನೆಯ ದಿನ ಅಂಗೈಯಗಲ. ಆರನೆಯ ದಿನ ಬಂದು ಮೊಣಕಾಲೂರಿ ಹಲಗೆ ಹಲಗೆಯನ್ನೂ ಮುಟ್ಟಿ ನೋಡಿದಳು, ಒಣ. ಚಿಂದಿ ಅವಳು ಬಂದದ್ದೇ ಬಾಗಿಲಿಗೆ ಓಡಿತು, ಮೆಟ್ಟಿಲಿಳಿದು ಓಣಿಯ ಮೂಲೆಯಲ್ಲಿ ಕುಕ್ಕರಿಸಿತು. ವಾಪಸ್ಸು ಬಂದು ಬಟ್ಟಲಿನ ನೀರನ್ನು ಒಂದೇ ಉಸಿರಿಗೆ ಕುಡಿದು ಮುಗಿಸಿತು. ಅವಳೂ ಪಕ್ಕದಲ್ಲಿ ಕೂತು ಒಂದು ತಂಬಿಗೆ ಕುಡಿದಳು. ಇಡೀ ಹಗಲಿನ ಬಾಯಾರಿಕೆ ಇಬ್ಬರೂ ಜೊತೆಯಾಗಿ ತೀರಿಸಿಕೊಳ್ಳುತ್ತಿದ್ದರೆ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಸಂಸಾರ ಅನ್ನಿಸಿತು.

ಕಾರ್ಖಾನೆಯಲ್ಲಿ ಹೇಳಿಕೊಂಡದ್ದೇ ಹೇಳಿಕೊಂಡದ್ದು. "ಆರೇ ದಿನ ಕಣ್ರೇ! ಆರು ದಿನಕ್ಕೆ ಕಲಿತುಬಿಡ್ತು!"

"ಹಾಗಾದ್ರೆ ನಿನ್ನ ಮರಿಗೆ ಇಲ್ಲೊಂದು ಮೆಷಿನ್ ಕೊಡಿಸಕ್ಕ," ಎಂದಳು ಗುಂಡಿ ಹಾಕುವವಳು. ಎಲ್ಲರೂ ನಕ್ಕರು. ಆ ನಗು ತುಸು ಬಿಗಿಯಾಗಿತ್ತು. ಅವಳು ಗಮನಿಸಲಿಲ್ಲ.

ತಿಂಗಳ ಕೊನೆಗೆ ಒಡತಿ ಮಂಚದ ಮೇಲೆ ಅಂಗಾತ ಮಲಗಿ, ಸೂರನ್ನು ಮೂಲೆಯಿಂದ ಮೂಲೆಗೆ ನೋಡಿ, "ಇರಲಿ ಬಿಡು," ಎಂದಳು. "ನೀನು ಗಟ್ಟಿಗಿತ್ತಿ. ನನ್ನ ಸೊಸೆಯಂದಿರನ್ನೂ ನಿನ್ನ ಹತ್ರ ಕಳಿಸ್ತೀನಿ." ಹೆಬ್ಬೆರಳಕ್ಕ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಹೋದಳು.

ಬೇಸಿಗೆ ಬಂತು. ಕೋಣೆಯ ಮೇಲೆ ತಗಡು. ಬಾಗಿಲು ಮುಚ್ಚಿದ ಆ ಕೋಣೆ ಮಧ್ಯಾಹ್ನ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ರಜೆಯ ದಿನ ಬಿಟ್ಟರೆ ಮಧ್ಯಾಹ್ನ ಅವಳು ಅಲ್ಲಿದ್ದವಳಲ್ಲ. ಸಾಯಂಕಾಲ ಬಂದಾಗ ಚಿಂದಿ ಮೊದಲಿನಂತೆ ಕುಣಿಯುವುದನ್ನು ಬಿಟ್ಟಿತು. ದೊಡ್ಡದಾಗುತ್ತಿದೆ, ಬುದ್ಧಿ ಬರುತ್ತಿದೆ ಅಂದುಕೊಂಡಳು. ದಿಂಬು ಹರಿಯುವುದನ್ನು ಬಿಟ್ಟಿತು. ಒಳ್ಳೆಯದಾಯಿತು ಅಂದುಕೊಂಡಳು. ಬಚ್ಚಲ ಬಾಗಿಲ ಕೆಳಗಿನ ಸಂದಿಗೆ ಮೂತಿ ಹಚ್ಚಿ ಹಲಗೆ ನೆಕ್ಕಿ ನೆಕ್ಕಿ ಅಲ್ಲೊಂದು ಬಿಳಿ ಗೆರೆ ಬಿದ್ದಿತ್ತು. ಇಲಿ ವಾಸನೆ ಇರಬೇಕು ಅಂದುಕೊಂಡಳು. ಒಂದು ದಿನ ಓಣಿಯ ಮೂಲೆಯಲ್ಲಿ ಅದು ಕುಕ್ಕರಿಸಿ, ಕುಕ್ಕರಿಸಿ, ಕುಯ್‌ಗುಟ್ಟಿತು. ನೆಲದ ಮೇಲೆ ಬಿದ್ದದ್ದು ನಾಲ್ಕು ಹನಿ. ಕೆಂಪಗಿತ್ತು.

ಅದಕ್ಕೆ ಮಾತ್ರ ಏನೂ ಅಂದುಕೊಳ್ಳಲು ಆಗಲಿಲ್ಲ.

ನಾಲ್ಕು ವರ್ಷದಲ್ಲಿ ಮೊದಲ ಸಲ ಅರ್ಧ ದಿನದ ರಜೆ ಹಾಕಿ ಪ್ರಾಣಿಗಳ ಆಸ್ಪತ್ರೆಗೆ ಹೋದಳು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಚಿಂದಿಯ ತುಟಿ ಎತ್ತಿ ಒಸಡನ್ನು ಒತ್ತಿ ನೋಡಿದಳು, ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟಳು. ಎತ್ತಿದ ಚರ್ಮ ಎತ್ತಿದ ಹಾಗೇ ನಿಂತಿತು.

"ನೀರು ಎಷ್ಟು ಸಲ ಕೊಡ್ತೀರಿ?"

"ಸಾಯಂಕಾಲ ಕೊಡ್ತೀನಿ. ಬೇಕಾದಷ್ಟು ಕುಡಿಯುತ್ತೆ."

"ಬೆಳಗ್ಗೆಯಿಂದ?"

"ಬೆಳಗ್ಗೆ ಏಳಕ್ಕೆ ಎತ್ತಿಡ್ತೀನಿ. ಮನೆ ಒದ್ದೆ ಮಾಡಬಾರದು ಅಂತ."

ಡಾಕ್ಟರ್ ಕೈ ಕೆಳಗಿಳಿಸಿದಳು. "ಈ ಬಿಸಿಲಲ್ಲಿ? ಮರಿಗೆ? ಅಮ್ಮಾ, ನಿಮಗೆ ಯಾರು ಹೇಳಿಕೊಟ್ಟಿದ್ದು ಇದನ್ನ?"

"ಯಾರೂ ಹೇಳಲಿಲ್ಲ," ಎಂದಳು ಹೆಬ್ಬೆರಳಕ್ಕ. "ನಾನೂ ಕುಡಿಯಲ್ಲ ಡಾಕ್ಟ್ರೇ. ನಾನು ಹಾಗೇ ಇದೀನಲ್ಲ, ಚೆನ್ನಾಗೇ ಇದೀನಲ್ಲ."

ಡಾಕ್ಟರ್ ಮೇಜಿನ ಈ ಕಡೆಯಿಂದ ಆ ಕಡೆಗೆ ಅವಳನ್ನೊಮ್ಮೆ ನೋಡಿದಳು, ಮರಿಯನ್ನು ನೋಡಿದ ಹಾಗೇ. "ನಿಮಗೆ ಉರಿಮೂತ್ರ ಇದೆಯಾ?"

"ವಯಸ್ಸಾಯ್ತಲ್ಲ, ಎಲ್ಲರಿಗೂ ಇರುತ್ತೆ."

"ಎಲ್ಲರಿಗೂ ಇರಲ್ಲಮ್ಮ."

ಔಷಧಿ ಬರೆದುಕೊಟ್ಟು ಹೇಳಿದಳು: ನೀರು ಇಡೀ ದಿನ ಮುಂದೆಯೇ ಇರಬೇಕು. ಮೂರು-ನಾಲ್ಕು ಗಂಟೆಗೊಮ್ಮೆ ಹೊರಗೆ ಬಿಡಬೇಕು, ಮಧ್ಯಾಹ್ನವಂತೂ ತಪ್ಪಬಾರದು. ಮತ್ತೆ ಮೂತ್ರ ಕಟ್ಟಿಕೊಂಡರೆ ಮರಿ ಉಳಿಯುವುದು ಕಷ್ಟ. "ಮಧ್ಯಾಹ್ನ ಮನೇಲಿ ಯಾರಿರ್ತಾರೆ?"

"ಯಾರೂ ಇರಲ್ಲ," ಎಂದಳು.

ಮರುದಿನ ಅವಳು ಸೂಪರ್‌ವೈಸರ್ ಮೇಜಿನ ಮುಂದೆ ನಿಂತಳು. ಸೂಪರ್‌ವೈಸರ್ ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಹೆಬ್ಬೆರಳು ಕೂರಿಸುವುದನ್ನು ಇವಳ ಪಕ್ಕ ಕೂತೇ ಕಲಿತವಳು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡು, ಮಾತಿನ ನಡುನಡುವೆ ಅಂಗೈ ತಿರುಗಿಸಿ ನೋಡುತ್ತಿದ್ದಳು.

"ಒಂದು ತಿಂಗಳ ಮಟ್ಟಿಗೆ ಮೇಡಂ. ಊಟದ ಹೊತ್ತಲ್ಲಿ ಗೇಟು ತೆಗೆಸಿಕೊಟ್ರೆ ಹೋಗಿ ಬಂದುಬಿಡ್ತೀನಿ. ಹೋಗೋಕೆ ಇಪ್ಪತ್ತು, ಬರೋಕೆ ಇಪ್ಪತ್ತು. ಮೇಲಿನ ಹೊತ್ತು ಸಂಜೆ ಕೂತು ಹೊಲಿದುಕೊಡ್ತೀನಿ."

"ಯಾಕೆ, ಏನಾಯ್ತು?"

ಹೇಳಿದಳು. ಸೂಪರ್‌ವೈಸರ್ ಮೊದಲು ನಂಬಲಿಲ್ಲ. ನಂಬಿದ ಮೇಲೆ ಕುರ್ಚಿಗೆ ಒರಗಿ ನಕ್ಕಳು.

"ನಾಯಿಗೂ ಒಂದು ಬಿಲ್ಲೆ ಮಾಡಿಸಿಕೊಡ್ಲಾ ಅಕ್ಕಾ? ನಾಳೆ ಇನ್ನೊಬ್ಬಳು ಬೆಕ್ಕಿಗೆ ಹೆರಿಗೆ ಅಂತಾಳೆ. ಇಷ್ಟು ವರ್ಷದಿಂದ ನಿನ್ನನ್ನೇ ತೋರಿಸಿ ಎಲ್ಲರ ಬಾಯಿ ಮುಚ್ಚಿಸ್ತಿದೀನಿ. ಈಗ ನಿನಗೇ ಗೇಟು ತೆಗೆದ್ರೆ ನನ್ನ ಮಾತು ಯಾರು ಕೇಳ್ತಾರೆ, ನೀನೇ ಹೇಳು."

"ಒಂದು ಜೀವ ಹೋಗುತ್ತೆ ಮೇಡಂ."

ಸೂಪರ್‌ವೈಸರ್ ಅಂಗೈ ತಿರುಗಿಸಿದಳು. "ಎಂಟೂ ಇಪ್ಪತ್ತು. ಹೋಗಿ ಕೂತ್ಕೋ ಅಕ್ಕಾ."

ಊಟದ ಹೊತ್ತಿಗೆ ಅವಳು ಡಬ್ಬಿ ಬಿಚ್ಚಲಿಲ್ಲ. ಉದ್ದ ಬೆಂಚಿನ ತುದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ನೀವೆಲ್ಲ ಒಂದು ಮಾತು ಹೇಳಿದ್ರೆ ಕೇಳ್ತಾಳೆ ಕಣ್ರೇ. ಹತ್ತು ಜನ ಹೋಗಿ ನಿಂತರೆ ಸಾಕು."

ಯಾರೂ ತಲೆಯೆತ್ತಲಿಲ್ಲ.

ಕೊನೆಗೆ ಗುಂಡಿ ಹಾಕುವವಳು ಬಾಯಿ ಒರೆಸಿಕೊಂಡು ಅಂದಳು: "ಮಗುಚುವವಳು ನೆನಪಿದಾಳಾ ಅಕ್ಕಾ?"

ನೆನಪಿದ್ದಳು. ಹೊಲಿದ ಕೈಗವಸನ್ನು ಕೋಲಿನಿಂದ ಮಗುಚಿ ಒಳಗಿನದನ್ನು ಹೊರಗೆ ಮಾಡುವ ಹುಡುಗಿ, ಎಂಟು ತಿಂಗಳ ಬಸುರಿ. ಒಂದು ಬೆಳಗ್ಗೆ ಬಿಲ್ಲೆ ಹಾಕಿಕೊಂಡು ಎರಡು ಸಲ ಹೋಗಿ ಬಂದಿದ್ದಳು. ಮೂರನೆಯ ಸಲ ಎದ್ದಾಗ ಸೂಪರ್‌ವೈಸರ್ ಏನೂ ಅಂದಿರಲಿಲ್ಲ, ಹೆಬ್ಬೆರಳಕ್ಕನ ಕಡೆ ನೋಡಿದ್ದಳು ಅಷ್ಟೆ. ಹೆಬ್ಬೆರಳಕ್ಕ ಮೆಷಿನ್ ನಿಲ್ಲಿಸದೆಯೇ ಹೇಳಿದ್ದಳು: "ತಡ್ಕೋಬೇಕಮ್ಮ. ನಾವೆಲ್ಲ ತಡ್ಕೊಳ್ಳಲ್ವಾ? ಏನು ಲೋಕದಲ್ಲಿ ನೀನೊಬ್ಬಳೇ ಬಸುರಿಯಾ?" ಹುಡುಗಿ ಕೂತಳು. ಗಂಟೆ ಹೊಡೆದಾಗ ಅವಳ ಸ್ಟೂಲಿನ ಕೆಳಗೆ ನೆಲ ಒದ್ದೆಯಾಗಿತ್ತು. ಎಲ್ಲರೂ ಎದ್ದು ಹೋಗುವವರೆಗೆ ಏಳದೆ ಕೂತಿದ್ದವಳು ಮರುದಿನದಿಂದ ಬರಲಿಲ್ಲ.

"ಅವಳಿಗೆ ಹೇಳಿದ್ದನ್ನೇ ನಿನ್ನ ನಾಯಿಗೂ ಹೇಳಕ್ಕ," ಎಂದಳು ಗುಂಡಿ ಹಾಕುವವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ತಡ್ಕೋ ಅಂತ."

"ಮಾಡಿದ್ದುಣ್ಣೋ ಮಹರಾಯ," ಎಂದು ಬೆಂಚಿನ ಆ ತುದಿಯಿಂದ ಯಾರೋ ಗೊಣಗಿದರು.

ಅವರು ಜಗಳವಾಡಿದ್ದರೆ ಹೆಬ್ಬೆರಳಕ್ಕನೂ ಜಗಳವಾಡಬಹುದಿತ್ತು. ಅವರು ಮತ್ತೆ ಉಣ್ಣತೊಡಗಿದರು.

ಒಡತಿಯನ್ನೂ ಕೇಳಿ ನೋಡಿದಳು. "ನನ್ನ ಮಂಡಿಯಲ್ಲಿ ನಾನೇ ಹೊರಗೆ ಹೋಗೋದು ಕಷ್ಟ, ನಿನ್ನ ನಾಯೀನ ಕರ್ಕೊಂಡು ಹೋಗ್ಲಾ?" ಎಂದಳು ಒಡತಿ. ಅದು ಸುಳ್ಳೂ ಅಲ್ಲ. ನಾಲ್ಕು ದಿನ ಹೆಬ್ಬೆರಳಕ್ಕ ನೀರನ್ನು ತುಂಬಿಟ್ಟು, ಮೂಲೆಯಲ್ಲಿ ಹಳೆ ಸೀರೆಗಳನ್ನು ಮಡಿಸಿ ಹಾಸಿ ಹೋದಳು. "ಇಲ್ಲೇ ಹೊಯ್ಯಿ, ಪರವಾಗಿಲ್ಲ, ಇಲ್ಲೇ," ಎಂದು ಮರಿಯನ್ನು ಎತ್ತಿ ಸೀರೆಯ ಮೇಲೆ ನಿಲ್ಲಿಸಿ ಹೇಳಿದಳು. ಚಿಂದಿ ಅವಳ ಮುಖ ನೋಡಿ ಅಲ್ಲಿಂದ ಇಳಿಯಿತು. ಸಂಜೆ ಬಂದರೆ ಬಟ್ಟಲು ಅರ್ಧ ಖಾಲಿ, ಸೀರೆ ಒಣ, ಹಲಗೆ ಒಣ. ಮರಿ ಬಾಗಿಲ ಬಳಿ ಹೊಟ್ಟೆ ಬಿಗಿಹಿಡಿದು ನಡುಗುತ್ತ ಮಲಗಿತ್ತು. ಅವಳು ಕಲಿಸಿದ್ದನ್ನು ಅದು ಅಷ್ಟು ಚೆನ್ನಾಗಿ ಕಲಿತಿತ್ತು. ಇಷ್ಟು ದಿನ ಒಂದು ಹನಿ ಬೀಳದಿರಲಿ ಎಂದು ಹಲಗೆ ಮುಟ್ಟಿ ನೋಡುತ್ತಿದ್ದವಳು ಈಗ ಒಂದು ಹನಿಯಾದರೂ ಸಿಕ್ಕಲಿ ಎಂದು ಮುಟ್ಟಿ ನೋಡಿದಳು.

ಐದನೆಯ ದಿನ, ಭಾನುವಾರ, ಚೀಲದಲ್ಲಿ ಮರಿಯನ್ನಿಟ್ಟುಕೊಂಡು ತಂಗಿಯ ಊರಿನ ಬಸ್ಸು ಹತ್ತಿದಳು. ಮೂರು ಗಂಟೆಯ ದಾರಿ. ತಂಗಿಯ ಮನೆಗೆ ಮಣ್ಣಿನ ಅಂಗಳವಿತ್ತು, ಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು.

"ಎಷ್ಟು ದಿನ ಇಟ್ಕೊಳ್ಳಲಿ ಅಕ್ಕಾ?"

"ಇಟ್ಕೋ," ಎಂದಳು. ದಿನದ ಮಾತು ಆಡಲಿಲ್ಲ.

ಎರಡು ತಿಂಗಳು ಅವಳು ಹೋಗಲಿಲ್ಲ. ಫೋನಿನಲ್ಲಿ ತಂಗಿ ದೂರುತ್ತಿದ್ದಳು: "ಏನು ಕಲಿಸಿದ್ದೀಯೋ ಮಹಾತಾಯಿ! ಅಡುಗೆಮನೇಲಿ ಹೊಯ್ಯುತ್ತೆ, ಮಂಚದ ಕಾಲಿಗೆ ಹೊಯ್ಯುತ್ತೆ, ನಿನ್ನೆ ನಮ್ಮನೆಯವರ ಚಪ್ಪಲಿ ಒಳಗೇ ಹೊಯ್ದಿದೆ. ಅವರು ಕುಣಿದಾಡಿಬಿಟ್ರು!" ಹೆಬ್ಬೆರಳಕ್ಕ, "ಬಯ್ಯಬೇಡ ಕಣೇ," ಎಂದಷ್ಟೇ ಹೇಳಿ ಫೋನು ಇಟ್ಟು, ಒಣಗಿದ ಹಲಗೆಯ ಮೇಲೆ ಕೂರುತ್ತಿದ್ದಳು.

ಮೂರನೆಯ ತಿಂಗಳು ಹೋದಳು. ಚಿಂದಿ ಮೊಣಕಾಲೆತ್ತರ ಬೆಳೆದಿತ್ತು, ಮೈ ಹೊಳೆಯುತ್ತಿತ್ತು. ಅಂಗಳದಲ್ಲಿ ತಂಗಿಯ ಮಗಳ ಜೊತೆ ಆಡುತ್ತಿದ್ದದ್ದು ಅವಳನ್ನು ಕಂಡು ಬಾಲ ಆಡಿಸಿತು. ಹತ್ತಿರ ಬಂದು ಅವಳ ಕೈ ಮೂಸಿತು. ನೆಕ್ಕಲಿಲ್ಲ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿತ್ತು.

"ಬಾಯಾರಿದೆ ಪಾಪ," ಎಂದು ಅವಳು ಅಡುಗೆಮನೆಗೆ ಹೋಗಿ, ಅಲ್ಲಿದ್ದ ಮಣ್ಣಿನ ಕುಡಿಕೆಗೆ ತಣ್ಣನೆ ನೀರು ತುಂಬಿ ತಂದು ಅದರ ಮುಂದೆ ಬಗ್ಗಿದಳು. ಚಿಂದಿ ನೀರನ್ನು ನೋಡಿತು, ಕುಡಿಕೆ ಹಿಡಿದ ಕೈಯನ್ನು ನೋಡಿತು. ಕಿವಿ ಹಿಂದಕ್ಕೆ ಮಡಿಚಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು.

"ಕುಡಿಯೋ. ಕುಡಿಯೋ ನನ್ನಪ್ಪಾ. ಎತ್ತಲ್ಲ. ಆಣೆ ಮಾಡ್ತೀನಿ, ಎತ್ತಲ್ಲ."

ಅದು ಗೋಡೆಗೆ ಅಂಟಿಕೊಂಡು ನಿಂತಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ತಂಗಿ ಒಳಗಿನಿಂದ ಬಂದವಳು ನೋಡಿ, ಕುಡಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ನೆಲದ ಮೇಲಿಟ್ಟಳು. "ನೀನು ಸ್ವಲ್ಪ ಆಚೆ ಕೂತ್ಕೊಳ್ಳಕ್ಕ," ಎಂದಳು ಮೆತ್ತಗೆ. "ನೀನಿದ್ರೆ ಅದು ಕುಡಿಯಲ್ಲ ಅನ್ಸುತ್ತೆ."

ಹೆಬ್ಬೆರಳಕ್ಕ ಎದ್ದು ಮನೆಯ ಮೂಲೆ ದಾಟಿ, ಮರಿಗೆ ಕಾಣದ ಹಾಗೆ ಹಿಂದಿನ ಗೋಡೆಗೆ ಒರಗಿ ನಿಂತಳು. ತುಸು ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಲೊಚಲೊಚ ಎಂದು ಶುರುವಾಯಿತು, ಬಹಳ ಹೊತ್ತು ನಡೆಯಿತು. ಸದ್ದು ನಿಂತ ಮೇಲೂ ಅವಳು ಅಲ್ಲೇ ಇದ್ದಳು. ಇನ್ನೊಂದು ಗುಟುಕು ಬೇಕಾಗಿದ್ದರೆ ಕುಡಿಯಲಿ ಎಂದು.